ನಮ್ಮ ಹೊಳೆ ನೀರು, ಕೋಲಾರದ ಚಿನ್ನ

ನಂಜನಗೂಡು ದಾಟಿ ಬರೋ ಕಪಿಲೆ ಟಿ. ನರಸೀಪುರದಲ್ಲಿ ಕಾವೇರಿ ಸೇರ್ತಾಳೆ. ಆ ನೀರು ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತೆ. 1902ರಲ್ಲಿ ಮೈಸೂರು ಸಂಸ್ಥಾನ ಅಲ್ಲಿ ಕರೆಂಟ್ ತೆಗೀತು. ಮೊದಲು ಕೊಟ್ಟಿದ್ದು ಯಾರಿಗೆ ಗೊತ್ತಾ? ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ! ಬೆಂಗಳೂರಿಗೆ ಬೆಳಕು ಬಂದಿದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ.

ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿ ಲಂಡನ್‌ನದು, ಲಾಭ ಹಂಚಿಕೊಂಡ ಷೇರುದಾರರೂ ಹೆಚ್ಚಾಗಿ ಅಲ್ಲಿಯವರೇ. ಸಂಸ್ಥಾನಕ್ಕೆ ಸಿಕ್ಕಿದ್ದು ಚಿನ್ನದ ರಾಯಲ್ಟಿ, ಜೊತೆಗೆ ಕರೆಂಟ್ ಬಿಲ್ಲಿನ ದುಡ್ಡು. ಬಿ.ಕಾಂ ಓದಿದ ನನಗೆ ಆ ಬಿಲ್ಲೇ ಜಾಣತನದ ವ್ಯಾಪಾರ ಅನ್ಸುತ್ತೆ. ಆದರೆ ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಕರೆಂಟೂ ಕಮ್ಮಿ. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರು ಮಾಡೋಕೆ ಇದೂ ಒಂದು ಕಾರಣ. ಗಣಿ 2001ರಲ್ಲಿ ಮುಚ್ಚಿತು. ಶಿವನಸಮುದ್ರದಲ್ಲಿ ಇವತ್ತಿಗೂ ಕರೆಂಟ್ ತೆಗೀತಿದ್ದಾರೆ.