ಫ್ರಾಂಕ್ಲಿನ್ನನ ದಿನಚರಿ

ದಿನಚರಿಯ ಪಟ್ಟಿಯೊಂದನ್ನು ಬರೆದು ಗೋಡೆಗೆ ಅಂಟಿಸದವರು ನಮ್ಮಲ್ಲಿ ವಿರಳ. ಅದರಂತೆ ತಿಂಗಳೊಪ್ಪತ್ತು ನಡೆದವರು ಇನ್ನೂ ವಿರಳ. ವರ್ಷ ವರ್ಷವೂ ಮಕ್ಕಳಿಂದ ವೇಳಾಪಟ್ಟಿ ಬರೆಸುವ ಈ ಉಪಾಧ್ಯಾಯನೂ ಈ ಮಾತಿಗೆ ಹೊರತಲ್ಲ. ಇಂಥ ನಮಗೆ ಧೈರ್ಯ ಹೇಳಬಲ್ಲ ದೊಡ್ಡ ಮನುಷ್ಯನೊಬ್ಬನು ಚರಿತ್ರೆಯಲ್ಲಿದ್ದಾನೆ. ಅವನೇ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್.

1706ರಲ್ಲಿ ಬಾಸ್ಟನ್ ನಗರದಲ್ಲಿ, ಸಾಬೂನು ಮತ್ತು ಮೇಣದಬತ್ತಿ ತಯಾರಿಸುತ್ತಿದ್ದವನ ಮಗನಾಗಿ ಅವನು ಹುಟ್ಟಿದನು. ಶಾಲೆಯ ಓದು ಎರಡು ವರ್ಷವೂ ತುಂಬಲಿಲ್ಲ. 12ನೆಯ ವಯಸ್ಸಿಗೆ ಅಣ್ಣನ ಅಚ್ಚುಕೂಟ ಸೇರಿದನು. 1723ರಲ್ಲಿ ಮನೆ ಬಿಟ್ಟು ಫಿಲಡೆಲ್ಫಿಯಾಕ್ಕೆ ಹೋದನು. ಮುಂದೆ ಅಲ್ಲಿಯೇ ಸ್ವಂತ ಅಚ್ಚುಕೂಟ ನಡೆಸಿದನು. ಮಿಂಚಿನ ಗುಟ್ಟನ್ನು ಬಯಲು ಮಾಡಿದ, 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಮಹಾನುಭಾವನು ಇವನೇ.

ಯೌವನದಲ್ಲಿ ಅವನು ಒಂದು ಪುಟ್ಟ ಪುಸ್ತಕ ಕಟ್ಟಿಕೊಂಡನು. ಮಿತಾಹಾರ, ಮೌನ, ಅಚ್ಚುಕಟ್ಟು, ಉದ್ಯಮ, ವಿನಯ ಮೊದಲಾದ 13 ಗುಣಗಳನ್ನು ಆರಿಸಿ, ಕೆಂಪು ಮಸಿಯಲ್ಲಿ ವಾರದ ಏಳು ದಿನಕ್ಕೂ ಗೆರೆ ಎಳೆದನು. ತಪ್ಪಿದ ದಿನ ಒಂದು ಕಪ್ಪು ಚುಕ್ಕೆ! ಎಲ್ಲವನ್ನೂ ಒಮ್ಮೆಗೇ ಸಾಧಿಸಹೊರಡದೆ ವಾರಕ್ಕೊಂದೇ ಗುಣದ ಮೇಲೆ ವಿಶೇಷ ಗಮನವಿಟ್ಟನು. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು.

ಅದರಲ್ಲಿಯೇ ದಿನದ ಕ್ರಮವೂ ಇತ್ತು. ಐದಕ್ಕೆ ಏಳುವುದು, ಇಂದು ಯಾವ ಒಳ್ಳೆಯದನ್ನು ಮಾಡಬೇಕೆಂದು ತನ್ನನ್ನೇ ಕೇಳಿಕೊಂಡು, ದಿನದ ಕೆಲಸವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು. ಎಂಟರಿಂದ ಕೆಲಸ, ನಡುಹಗಲು ಊಟ, ಓದು, ಲೆಕ್ಕಪತ್ರ, ಮತ್ತೆ ಕೆಲಸ. ಸಂಜೆ ಸಾಮಾನುಗಳನ್ನು ಅವುಗಳ ಜಾಗದಲ್ಲಿಟ್ಟು, ಸಂಗೀತ ಸಲ್ಲಾಪಗಳಲ್ಲಿ ಕಾಲ ಕಳೆದು, ದಿನವನ್ನು ಪರಾಮರ್ಶಿಸಿ, ಹತ್ತಕ್ಕೆ ಮಲಗುವುದು. ವಿರಾಮಕ್ಕೂ ಅಲ್ಲಿ ಸ್ಥಾನವಿತ್ತೆಂಬುದನ್ನು ಗಮನಿಸಬೇಕು.

ಇಷ್ಟೆಲ್ಲ ಆದ ಮೇಲೆ ಅವನು ಗೆದ್ದನೇ? ಇಲ್ಲ. ಅವನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ ಗುಣ ಅಚ್ಚುಕಟ್ಟು. ಗಿರಾಕಿಗಳು ತಮಗೆ ಬಿಡುವಾದಾಗ ಬರುವರೇ ಹೊರತು ಅವನ ಪಟ್ಟಿಯನ್ನು ನೋಡಿ ಬರುವವರಲ್ಲ. ಕಾಗದಪತ್ರಗಳನ್ನು ಜಾಗದಲ್ಲಿಡುವ ಅಭ್ಯಾಸವೂ ಚಿಕ್ಕಂದಿನಿಂದ ಇರಲಿಲ್ಲ. ಜ್ಞಾಪಕಶಕ್ತಿ ಚೆನ್ನಾಗಿದ್ದುದರಿಂದ ಅದರ ಕೊರತೆ ಆಗ ತಿಳಿಯಲಿಲ್ಲ. ಚುಕ್ಕೆಗಳನ್ನು ಕೆರೆದು ಕೆರೆದು ಹಾಳೆಗಳು ತೂತಾದವು. ಆದರೆ ಅವನು ಪುಸ್ತಕವನ್ನು ಎಸೆಯಲಿಲ್ಲ. ಒರೆಸಿದರೆ ಅಳಿಯುವಂತೆ ದಂತದ ಹಾಳೆಗಳ ಮೇಲೆ ಗೆರೆ ಹಾಕಿಕೊಂಡನು. ಮುಂದೆ ಪ್ರಯಾಣ, ರಾಜಕಾರ್ಯಗಳ ನಡುವೆ ಚುಕ್ಕೆ ಹಾಕುವುದು ನಿಂತರೂ ಪುಸ್ತಕ ಸದಾ ಅವನೊಡನಿತ್ತು.

1784ರಲ್ಲಿ, ಫ್ರಾನ್ಸಿನಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದಾಗ, ತನ್ನ 79ನೆಯ ವರ್ಷದಲ್ಲಿ ಆತ್ಮಕಥೆಯ ಈ ಭಾಗವನ್ನು ಬರೆಯುತ್ತ ಅವನು ಸೋಲನ್ನು ಮುಚ್ಚಿಡಲಿಲ್ಲ. ಪೂರ್ಣತೆ ಕೈಗೆ ಸಿಗಲಿಲ್ಲ, ಆದರೂ ಆ ಪ್ರಯತ್ನವಿಲ್ಲದಿದ್ದರೆ ತಾನು ಇಷ್ಟು ಒಳ್ಳೆಯವನೂ ಸುಖಿಯೂ ಆಗುತ್ತಿರಲಿಲ್ಲವೆಂದು ಒಪ್ಪಿಕೊಂಡನು. ಅದಕ್ಕೆ ಅವನು ಕೊಟ್ಟ ಹೋಲಿಕೆ ಕಾಪಿ ಬರೆಯುವವರದು. ಅಚ್ಚಿನ ಮೇಲುಪಂಕ್ತಿಯಷ್ಟು ಅಂದವಾಗಿ ಯಾರೂ ಬರೆಯಲಾರರು. ತಿದ್ದುತ್ತ ತಿದ್ದುತ್ತ ಕೈಬರಹ ಮಾತ್ರ ದುಂಡಗಾಗುತ್ತದೆ.

ಈ ಮಾತಿನ ನಿಜವನ್ನು ತರಗತಿಯಲ್ಲಿ ನಾನು ದಿನವೂ ಕಂಡಿದ್ದೇನೆ. ಆದುದರಿಂದ ವಾಚಕರೇ, ನಿಮ್ಮ ಪಟ್ಟಿ ಮೂರನೆಯ ದಿನವೇ ತಪ್ಪಿದರೆ ಹರಿದು ಹಾಕಬೇಡಿ. ಒಂದು ಚುಕ್ಕೆಯಿಟ್ಟು, ಮರುದಿನ ಐದಕ್ಕೆ ಏಳಿ.