ದಡಾರದ ಮಗುವಿಗೆ ಒಂದು ಚಮಚ ಎ ವಿಟಮಿನ್

ನಾವು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರು. 2021ರಲ್ಲಿ ಕೊರೋನಾದ ಎರಡನೇ ಅಲೆ ಬಂದಾಗ ನಮ್ಮ ಮನೆಗಳಲ್ಲೂ ವಿಟಮಿನ್ ಸಿ, ಜಿಂಕ್ ಮಾತ್ರೆ ತಂದು ನುಂಗಿದೆವು. ಕೂಲಿ ನಿಂತಿದ್ದವರೂ ಅದಕ್ಕೆ ದುಡ್ಡು ಹೊಂದಿಸಿದರು. ವೈರಸ್ ಕಾಯಿಲೆಗೆ ವಿಟಮಿನ್ ಮದ್ದು ಅನ್ನುವುದರಲ್ಲಿ ನಿಜ ಎಷ್ಟು ಅಂತ ಆಮೇಲೆ ಹುಡುಕಿದೆವು. ಸಿಕ್ಕಿದ್ದು ಅಂಗನವಾಡಿಯ ಚಮಚದಲ್ಲಿ.

ದಡಾರ ಎದ್ದರೆ 'ಅಮ್ಮ ಆಗಿದೆ' ಅಂತ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದ ಕಾಲ ಅಜ್ಜಿಯರಿಗೆ ನೆನಪಿದೆ. ಗುಳ್ಳೆ ಇಳಿದ ಮೇಲೂ ಭಯ ಹೋಗುತ್ತಿರಲಿಲ್ಲ. ಭೇದಿ, ನ್ಯುಮೋನಿಯಾ ಬರುತ್ತಿತ್ತು, ಕೆಲವು ಮಕ್ಕಳಿಗೆ ಕಣ್ಣೇ ಹೋಗುತ್ತಿತ್ತು. ಕಾರಣ ಇಷ್ಟು: ಕಣ್ಣು, ಶ್ವಾಸನಾಳ, ಕರುಳು ಇವುಗಳ ಮೇಲ್ಪದರ ಗಟ್ಟಿಯಾಗಿರಲು ಎ ವಿಟಮಿನ್ ಬೇಕು. ದಡಾರ ಬಂದಾಗ ಮೈಯಲ್ಲಿರುವ ಆ ವಿಟಮಿನ್ ಬೇಗ ಖರ್ಚಾಗುತ್ತದೆ. ಮೊದಲೇ ಕೊರತೆ ಇದ್ದ ಮಗುವಿಗೆ ಉಳಿಯುವುದೇನು?

1932ರಲ್ಲಿ ಲಂಡನ್ನಿನ ಎಲಿಸನ್ ಎಂಬ ಡಾಕ್ಟರ್ ದಡಾರದ 300 ಮಕ್ಕಳಿಗೆ ಎ ವಿಟಮಿನ್ ಇರುವ ಔಷಧಿ ಕೊಟ್ಟರು, ಇನ್ನು 300 ಮಕ್ಕಳಿಗೆ ಕೊಡಲಿಲ್ಲ. ಕೊಟ್ಟವರಲ್ಲಿ 11 ಮಕ್ಕಳು ತೀರಿಕೊಂಡರು, ಕೊಡದವರಲ್ಲಿ 26. ಇಷ್ಟು ದೊಡ್ಡ ವಿಷಯವನ್ನು ಜಗತ್ತು ಹೆಚ್ಚುಕಡಿಮೆ ಮರೆತೇಬಿಟ್ಟಿತು. ದಡಾರಕ್ಕೆ ಎ ವಿಟಮಿನ್ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಹೇಳಿದ್ದು 1987ರಲ್ಲಿ. ನಡುವೆ 55 ವರ್ಷ!

ನಮ್ಮ ದೇಶದ ಪಾಲೂ ಇದರಲ್ಲಿ ದೊಡ್ಡದು. ಬಂಡೀಪುರದ ಕಾಡು ದಾಟಿದರೆ ಸಿಗುವ ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಒಂದು ಸಣ್ಣ ಪ್ರಯೋಗಾಲಯ ಶುರುಮಾಡಿದ್ದರು. 1958ರಲ್ಲಿ ಅದು ಹೈದರಾಬಾದಿಗೆ ಹೋಯಿತು, ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಅಲ್ಲಿನ ಕೆಲಸದ ಆಧಾರದಲ್ಲಿ 1970ರಲ್ಲಿ ಮಕ್ಕಳಿಗೆ ಎ ವಿಟಮಿನ್ ಕುಡಿಸುವ ಯೋಜನೆ ಬಂತು. ಆಗ ಗುರಿ ಕುರುಡುತನ ತಡೆಯುವುದು. ಜೀವವೂ ಉಳಿಯುತ್ತದೆ ಎಂದು ತೋರಿದ್ದು ತಮಿಳುನಾಡಿನ ತಿರುಚ್ಚಿ ಜಿಲ್ಲೆಯ ಅಧ್ಯಯನ. 1990ರಲ್ಲಿ ಪ್ರಕಟವಾದ ಅದರಲ್ಲಿ, ವಾರಕ್ಕೊಮ್ಮೆ ಸಣ್ಣ ಪ್ರಮಾಣ ಪಡೆದ ಮಕ್ಕಳ ಸಾವು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು.

ಸಿ ವಿಟಮಿನ್ನಿನ ಕಥೆ ಬೇರೆ. ಎರಡು ನೊಬೆಲ್ ಪಡೆದ ಲೈನಸ್ ಪೌಲಿಂಗ್ 1970ರಲ್ಲಿ, ಅದು ನೆಗಡಿ ತಡೆಯುತ್ತದೆ ಎಂದು ಪುಸ್ತಕ ಬರೆದರು. ದೊಡ್ಡವರು ಹೇಳಿದ್ದಲ್ಲವೇ, ಜನ ನಂಬಿದರು. ಆಮೇಲಿನ ಪರೀಕ್ಷೆಗಳಲ್ಲಿ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪಲಿಲ್ಲ. ಅಮೆರಿಕದಲ್ಲಿ 214 ಕೊರೋನಾ ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲೂ ಸಿ ಮತ್ತು ಜಿಂಕ್‌ನಿಂದ ಕಾಯಿಲೆ ಬೇಗ ವಾಸಿಯಾಗಲಿಲ್ಲ. ನಾವು ನುಂಗಿದ್ದೂ ಅದನ್ನೇ.

ಎ ವಿಟಮಿನ್ ಕೂಡ ದಡಾರ ಬರದಂತೆ ತಡೆಯುವುದಿಲ್ಲ, ಅದಕ್ಕೆ ಲಸಿಕೆಯೇ ಬೇಕು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ ವಾಟ್ಸಾಪ್ ವದಂತಿ ನಂಬಿ ಮಕ್ಕಳನ್ನು ಶಾಲೆಗೆ ಕಳಿಸದವರು ನಮ್ಮ ನೆಂಟರಲ್ಲೇ ಇದ್ದರು. ಅವರೇ ನಾಲ್ಕು ವರ್ಷದ ನಂತರ ಸಿ ಮಾತ್ರೆ ಹುಡುಕಿಕೊಂಡು ಹೊರಟರು.

ಎ ವಿಟಮಿನ್ ಸಿರಪ್ಪನ್ನು ನೀವೇ ತಂದು ಕುಡಿಸಬೇಡಿ. ಹೆಚ್ಚಾದದ್ದು ಸಿ ಥರ ಮೂತ್ರದಲ್ಲಿ ಹೋಗದು, ಲಿವರ್‌ನಲ್ಲಿ ಕೂರುತ್ತದೆ. 9 ತಿಂಗಳಿಗೆ ಲಸಿಕೆಯ ಜೊತೆ 1 ಲಕ್ಷ ಯೂನಿಟ್, ಒಂದೂವರೆ ವರ್ಷದ ಹೊತ್ತಿಗೆ 2 ಲಕ್ಷ, ಆಮೇಲೆ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ ಅಷ್ಟೇ. ಒಟ್ಟು 9 ಸಲ, ದುಡ್ಡಿಲ್ಲದೆ. ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಪರಂಗಿ ಹಣ್ಣು ಹೇಗೂ ಹಿತ್ತಲಲ್ಲೇ ಇವೆ.

ಇದನ್ನು ಬರೆಯುವಾಗ ನಮ್ಮಲ್ಲೊಬ್ಬರ ಅಕ್ಕನ ಮಗಳ ತಾಯಿ ಕಾರ್ಡ್ ತೆಗೆದು ನೋಡಿದೆವು. ಅವಳಿಗೀಗ ನಾಲ್ಕು ವರ್ಷ. ಮೂರು ಸಲ ಕುಡಿಸಿದ ಗುರುತಿದೆ, ಮುಂದಿನ ಮನೆಗಳೆಲ್ಲ ಖಾಲಿ.