ನ್ಯಾನೋ ಹನಿ ಹಾಕಿದರೆ ಬೀಜ ಬೇಗ ಮೊಳೆಯುತ್ತದೆಯೇ?

‘ನ್ಯಾನೋ ದ್ರಾವಣದಲ್ಲಿ ನೆನೆಸಿ, ಯಾವ ಬೀಜವಾದರೂ ದುಪ್ಪಟ್ಟು ವೇಗದಲ್ಲಿ ಮೊಳೆಯುತ್ತದೆ’ ಎಂಬ ಸಂದೇಶ ನಿಮಗೂ ಬಂದರೆ, ಮುಂದೆ ಕಳಿಸುವ ಮೊದಲು ಇದನ್ನು ಓದಿ. ಅರ್ಧ ನಿಜ, ಅರ್ಧ ಅಪಾಯ.

ನ್ಯಾನೋ ಕಣಗಳೆಂದರೆ ಸುಮಾರು 1ರಿಂದ 100 ನ್ಯಾನೋಮೀಟರ್ ಗಾತ್ರದವು. ನಮ್ಮ ಕೂದಲಿನ ದಪ್ಪವೇ ಅಂದಾಜು 80,000 ನ್ಯಾನೋಮೀಟರ್!

ನಿಜ ಎಲ್ಲಿದೆ? ತಿರುಪತಿಯ ಸಂಶೋಧಕರು ಕಡಲೆಕಾಯಿ ಬೀಜವನ್ನು ಸತು ಆಕ್ಸೈಡಿನ ನ್ಯಾನೋ ಕಣಗಳಿಂದ ಉಪಚರಿಸಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಲೀಟರಿಗೆ 1 ಗ್ರಾಂ ಅಳತೆಯಲ್ಲಿ ಮೊಳಕೆ, ಸಸಿಯ ಕಸುವು ಎರಡೂ ಹೆಚ್ಚಿದವು. ಅದನ್ನೇ 2 ಗ್ರಾಂ ಮಾಡಿದಾಗ ಬೆಳವಣಿಗೆ ಕುಗ್ಗಿತು. ಅಮೆರಿಕದಲ್ಲಿ 2007ರ ಇನ್ನೊಂದು ಪ್ರಯೋಗದಲ್ಲಿ ಮೂಲಂಗಿ, ಸೌತೆ, ಮೆಕ್ಕೆಜೋಳ ಮುಂತಾದ ಆರು ಬೆಳೆಗಳ ಬೇರು, ಲೀಟರಿಗೆ 2 ಗ್ರಾಂ ಸತು ಆಕ್ಸೈಡ್ ಕಣಗಳಿದ್ದಾಗ ಹೆಚ್ಚುಕಡಿಮೆ ಬೆಳೆಯುವುದನ್ನೇ ನಿಲ್ಲಿಸಿತು. ಸತು ಗಿಡಕ್ಕೆ ಬೇಕಾದದ್ದೇ, ಆದರೆ ಚಿಟಿಕೆಯಷ್ಟು. ಫಾರ್ವರ್ಡ್‌ನಲ್ಲಿ ಈ ಅಳತೆಯೇ ಇರುವುದಿಲ್ಲ.

ಅಂಗಡಿಯ ಬಾಟಲಿಗಳೂ ಒಂದೇ ಅಲ್ಲ. ಇಫ್ಕೋ 2021ರಲ್ಲಿ ತಂದ ನ್ಯಾನೋ ಯೂರಿಯಾ ಎಲೆಗೆ ಸಿಂಪಡಿಸಲು. 2023ರ ನ್ಯಾನೋ ಡಿಎಪಿಗೆ ಬೀಜೋಪಚಾರದ ಶಿಫಾರಸೂ ಇದೆ, ಕೆಜಿ ಬೀಜಕ್ಕೆ 3ರಿಂದ 5 ಮಿ.ಲೀ. ಒಂದರ ಬದಲು ಇನ್ನೊಂದು ಸುರಿದು ಬೀಜ ಕೆಟ್ಟರೆ, ಹದ ಮಳೆಯೂ ಹೋಯಿತು, ಬೀಜದ ದುಡ್ಡೂ ಹೋಯಿತು.

ತುರುವೇಕೆರೆ, ತಿಪಟೂರು ಕಡೆಯವರ ಪ್ರಶ್ನೆ: ತೆಂಗಿಗೆ? ತೆಂಗಿನ ಭ್ರೂಣ ಮೂರು ಕಣ್ಣುಗಳಲ್ಲಿ ಮೆತ್ತಗಿರುವ ಒಂದರ ಕೆಳಗಿರುತ್ತದೆ. ಸುತ್ತ ಚಿಪ್ಪು, ಮಟ್ಟೆ. ಅದಕ್ಕೆ ಬೇಕಾದ ಆಹಾರ ಒಳಗಿನ ಕೊಬ್ಬರಿಯಲ್ಲೇ ಇದೆ. ಮೊಳೆಯಲು ಸುಮಾರು ಮೂರು ತಿಂಗಳು ಬೇಕು. ಕಡಲೆಕಾಯಿಯ ಫಲಿತಾಂಶವನ್ನು ಇದಕ್ಕೆ ಅಂಟಿಸಲಾಗದು. ಚೆನ್ನಾಗಿ ಬಲಿತ ಕಾಯಿ, ನೆರಳು, ತೇವ ನೋಡಿಕೊಳ್ಳಿ.

ರಾಗಿಗೆ ಖರ್ಚಿಲ್ಲದ ದಾರಿಯಿದೆ. ಬೀಜವನ್ನು ಆರು ಗಂಟೆ ಬರೀ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಬಿತ್ತುವುದು. (ನಮ್ಮ ಪ್ರಕಾರ ಫಾರ್ವರ್ಡ್ ಆಗಬೇಕಾದದ್ದು ಇದು.)

ಆದರೂ ನ್ಯಾನೋ ಪ್ರಯತ್ನಿಸಬೇಕೇ? 100 ಕಾಳು ಉಪಚರಿಸಿ, 100 ಕಾಳು ಬರೀ ನೀರಲ್ಲಿ ನೆನೆಸಿ, ಬೇರೆ ಬೇರೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ವಾರದ ನಂತರ ಮೊಳಕೆ ಎಣಿಸಿ, ಬೇರಿನ ಉದ್ದವನ್ನೂ ನೋಡಿ. ಬೇರು ಮೊಂಡಾಗಿದ್ದರೆ ಆ ಅಳತೆ ಹೆಚ್ಚಾಗಿದೆ. ಪುಡಿ ರೂಪದ್ದಾದರೆ ಮುಖಗವಸು, ಕೈಗವಸು ಹಾಕಿಕೊಳ್ಳಿ. ಅನುಮಾನವಿದ್ದರೆ ಬಾಟಲಿ ಸಮೇತ ತಿಪಟೂರಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.